ಮೊಳಕಾಲ್ಮೂರಿನಿಂದ ಬಾರದ ಎಕ್ಸ್‌ರೇಗಳು

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕಿದರೆ ನನ್ನನ್ನು ಕೇಳುವುದು ಒಂದೇ ಮಾತು: ಯಾವ ಪರೀಕ್ಷೆ ಕಟ್ಟಿದರೆ ಬೇಗ ಮೇಲೆ ಹೋಗಬಹುದು, ಸಾರ್? ನನ್ನನ್ನು ಕೇಳಿದರೆ ಏನು ಪ್ರಯೋಜನ! ನಾನು ಅಷ್ಟೇನೂ ಮೇಲೆ ಹೋದವನಲ್ಲ. ಚಳ್ಳಕೆರೆಯ ಒಂದು ಸೇವಾ ಸಂಸ್ಥೆಯ ಆಸ್ಪತ್ರೆಯಲ್ಲಿ ಟೆಲಿಫೋನು ರಿಪೇರಿಗೆ ಅಂತ ಸೇರಿದೆ, ಕಂಪ್ಯೂಟರು ಬಂದಾಗ ಅದರ ತಂತಿ ಎಳೆದೆ, ಆಮೇಲೆ ಫೈರ್‌ವಾಲ್ ಬಂತು, ಅದರ ಮುಂದೆ ಕೂತವನು ನಿವೃತ್ತಿಯ ದಿನವೇ ಎದ್ದದ್ದು. ಆದರೆ ಆ ಪೆಟ್ಟಿಗೆಯಲ್ಲಿ ಪ್ಯಾಕೆಟ್ಟು ಹಿಡಿಯುವುದರ ಬಗ್ಗೆ ಒಂದಿಷ್ಟು ಹೇಳಬಲ್ಲೆ. ಹೇಳಲೇಬೇಕಾದ ಕಾರಣವೂ ಇದೆ. ನಾನು ಹಿಡಿದದ್ದನ್ನು ನಾನೇ ತಪ್ಪಾಗಿ ಓದಿದ್ದರಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಗುವುದರಲ್ಲಿತ್ತು. ಕೆಲಸಕ್ಕಿಂತ ಮೊದಲು ಅವಳ ಮಾತಿನ ಮೇಲಿನ ನಂಬಿಕೆ ಹೋಗಿತ್ತು.

ಪ್ಯಾಕೆಟ್ಟು ಅಂದರೇನು ಅಂತ ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಕಂಪ್ಯೂಟರು ಏನನ್ನೂ ಇಡಿಯಾಗಿ ಕಳಿಸುವುದಿಲ್ಲ, ಚೂರು ಚೂರು ಮಾಡಿ, ಪ್ರತಿ ಚೂರಿನ ಮೇಲೂ ಯಾರಿಂದ ಯಾರಿಗೆ ಅಂತ ಬರೆದು ಕಳಿಸುತ್ತದೆ ಅಂದೆ. ಫೈರ್‌ವಾಲ್ ಅನ್ನುವುದು ಬಾಗಿಲು ಕಾಯುವ ಪೆಟ್ಟಿಗೆ, ಯಾವ ಚೂರನ್ನು ಬಿಡಬೇಕು ಯಾವುದನ್ನು ತಡೆಯಬೇಕು ಅಂತ ನೋಡುತ್ತದೆ. ಎಲ್ಲಾದರೂ ತೊಂದರೆಯಾದರೆ ಆ ಬಾಗಿಲಲ್ಲಿ ಹೋಗುವ ಬರುವ ಚೂರುಗಳ ನಕಲು ತೆಗೆದುಕೊಂಡು ಒಂದೊಂದಾಗಿ ಓದುವುದೇ ನನ್ನ ಕೆಲಸ ಅಂತ ವಿವರಿಸಿದೆ. ಅವಳು ಈರುಳ್ಳಿ ಹೆಚ್ಚುತ್ತಾ, "ಅಂದ್ರೆ ಬಾಗ್ಲಾಗೆ ನಿಂತು ಊರೋರ ಕಾಗದ ಓದಾದು ಅನ್ರಿ" ಅಂದಳು. ಯಾವ ತರಬೇತಿಯಲ್ಲೂ ಯಾರೂ ನನಗೆ ಅಷ್ಟು ಸರಿಯಾಗಿ ಹೇಳಿರಲಿಲ್ಲ.

ನನಗೆ ಈ ಕೆಲಸ ಕಲಿಸಿದವರು ಖಲೀಲ್ ಸಾಹೇಬರು, ನನ್ನ ಮೇಲಧಿಕಾರಿ. ಅವರ ತಂದೆಗೆ ಊರಿನಲ್ಲಿ ಲಾರಿ ರಿಪೇರಿ ಗ್ಯಾರೇಜಿತ್ತು. ಎಂಜಿನ್ನಿನ ಸದ್ದು ಕೇಳಿಯೇ ಏನಾಗಿದೆ ಅಂತ ಹೇಳುವ ಮನೆಯಲ್ಲಿ ಬೆಳೆದವರಾದ್ದರಿಂದ ಪೂರ್ತಿ ಕೇಳದೆ ಬಾಯಿ ಬಿಡುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಪ್ಯಾಕೆಟ್ಟು ಹಿಡಿಯುವ ಮುಂಚೆ ಒಂದು ಚೀಟಿಯಲ್ಲಿ ಪ್ರಶ್ನೆ ಬರೆಯಬೇಕು ಅನ್ನುವುದು ಅವರ ಕಾನೂನು. "ಏನು ತಿಳ್ಕೋಬೇಕು ಅಂತ ಹೊರಟಿದೀಯೋ ಅದನ್ನ ಮೊದ್ಲು ಬರಿ. ಬರೆಯಾಕೆ ಬರ್ಲಿಲ್ಲ ಅಂದ್ರೆ ಹಿಡಿಯಾಕೂ ಹೋಗ್ಬ್ಯಾಡ" ಅನ್ನುತ್ತಿದ್ದರು.

ಆ ಕಾನೂನು ಹುಟ್ಟಿದ್ದೇ ನನ್ನಿಂದ. ಮೊದಲೆಲ್ಲ ನಾವು ಒಂದು ಲ್ಯಾಪ್‌ಟಾಪು ಹೊತ್ತು ಬಸ್ಸು ಹತ್ತಿ ಆಯಾ ಊರಿಗೇ ಹೋಗಿ, ಅಲ್ಲಿನ ತಂತಿಗೆ ಜೋಡಿಸಿ ಹಿಡಿಯಬೇಕಿತ್ತು. ಹೊಸ ಫೈರ್‌ವಾಲ್ ಬಂದ ಮೇಲೆ ಪೆಟ್ಟಿಗೆಯೇ ಹಿಡಿದು ಕೊಡತೊಡಗಿತು. ಕೂತಲ್ಲೇ ಎಲ್ಲ ಸಿಗುತ್ತದೆ ಅಂತ ನನಗೆ ಖುಷಿಯೋ ಖುಷಿ. ಒಂದು ಸೋಮವಾರ ಬೆಳಿಗ್ಗೆ, ಹೊರರೋಗಿಗಳ ಚೀಟಿ ಮಾಡಿಸುವ ಸಾಲು ಗೇಟಿನ ತನಕ ಬೆಳೆದಿದ್ದಾಗ, ಯಾವ ಮಿಷನ್ನಿನದು ಬೇಕು ಅಂತ ಏನೂ ಹೇಳದೆ, ಎಲ್ಲಾ ಹಿಡಿ ಅಂತ ಗುಂಡಿ ಒತ್ತಿದೆ. ಪೆಟ್ಟಿಗೆ ನಕಲು ಬರೆಯುವುದರಲ್ಲೇ ಮುಳುಗಿ, ಬಾಗಿಲು ಕಾಯುವುದನ್ನು ಮರೆತುಬಿಟ್ಟಿತು. ಚೀಟಿ ಕೌಂಟರು ನಿಂತಿತು, ಲ್ಯಾಬು ನಿಂತಿತು, ಔಷಧಿ ಅಂಗಡಿ ನಿಂತಿತು. ಖಲೀಲ್ ಸಾಹೇಬರು ಓಡಿ ಬಂದು ನನ್ನ ತೆರೆ ನೋಡಿ, "ಅರೇ ಭಾಯ್, ಕೆರೆಯಾಗೆ ಉಂಗುರ ಹುಡುಕು ಅಂದ್ರೆ ಕೆರೆ ಪೂರಾ ಮನೆಗೆ ಹೊತ್ಕಂಬಂದೆಯಲ್ಲೋ!" ಅಂದರು. ಬೈದದ್ದು ಅಷ್ಟೇ. ಮಾರನೇ ದಿನದಿಂದ ಚೀಟಿ ಶುರುವಾಯಿತು.

ಊರವರ ಕಾಗದ ಓದುವುದು ಅಂತ ನನ್ನವಳು ತಮಾಷೆ ಮಾಡಿದ್ದಳಲ್ಲ, ಅದು ಎಷ್ಟು ಭಾರದ್ದು ಅಂತ ಗೊತ್ತಾದದ್ದು ಸ್ವಲ್ಪ ತಡವಾಗಿ. ಆಗಿನ ಲ್ಯಾಬ್ ಪ್ರೋಗ್ರಾಮು ಹಳೆಯದು. ಅದು ಕಳಿಸುವುದನ್ನು ಮುಚ್ಚಿ ಕಳಿಸುತ್ತಿರಲಿಲ್ಲ, ಹಿಡಿದರೆ ಅಕ್ಷರ ಅಕ್ಷರವೂ ಓದಬಹುದಿತ್ತು. ಒಂದು ದಿನ ಹಾಗೆ ಓದುತ್ತಿದ್ದಾಗ ನಮ್ಮ ಬೀದಿಯ ದರ್ಜಿಯ ಹೆಸರು ಬಂತು, ಕೆಳಗೇ ಅವನ ರಕ್ತದ ವರದಿ. ಒಳ್ಳೆಯ ವರದಿಯಾಗಿರಲಿಲ್ಲ. ಸಾಯಂಕಾಲ ಮನೆಗೆ ಹೋಗುವಾಗ ಅವನೇ ಕರೆದು ಕೂರಿಸಿ, "ಅಣ್ಣ, ನೀವು ಅಲ್ಲೇ ಇರ್ತೀರಲ್ಲ, ನನ್ನ ರಿಪೋರ್ಟು ಬಂದೈತಾ ಸ್ವಲ್ಪ ನೋಡ್ರಿ" ಅಂದ. ನಂದು ತಂತಿ ಕೆಲಸ ಕಣಯ್ಯ, ಅವೆಲ್ಲ ನನಗೆ ಗೊತ್ತಾಗಲ್ಲ ಅಂದೆ. ಅವನು ಟೀ ತರಿಸಿದ. ಕುಡಿದು ಎದ್ದು ಬಂದೆ. ಮಾರನೇ ದಿನ ಹೋದವನೇ ಹಿಡಿದಿಟ್ಟ ಹಳೆಯ ಕಡತಗಳನ್ನೆಲ್ಲ ಅಳಿಸಿದೆ. ಅಂದಿನಿಂದ, ಕೆಲಸ ಮುಗಿದ ದಿನವೇ ಅಳಿಸುವುದು ನನಗೆ ಕೈ ತೊಳೆದುಕೊಂಡಷ್ಟು ಅಭ್ಯಾಸವಾಯಿತು. ನೀವೂ ಮಾಡಿ. ನಿಮ್ಮ ಕೈಗೆ ಸಿಕ್ಕಿದ್ದು ನಿಮ್ಮದಲ್ಲ.

ಇನ್ನು ತಳಕಿನ ವಿಷಯ. ನನ್ನ ತಲೆ ತಿರುಗಿದ್ದು ಅಲ್ಲಿ.

ತಳಕಿನಲ್ಲಿ ನಮ್ಮ ಆಸ್ಪತ್ರೆಯದೊಂದು ಸಣ್ಣ ಕ್ಲಿನಿಕ್ಕಿತ್ತು. ದಿನಾ ಮಧ್ಯಾಹ್ನ ಹತ್ತು ನಿಮಿಷ ಅಲ್ಲಿಂದ ಏನೂ ಬರುತ್ತಿರಲಿಲ್ಲ, ಆಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಲೈನಿನವರು ನಮ್ಮದು ಸರಿಯಿದೆ ಅಂದರು, ಕಂಪ್ಯೂಟರಿನವರು ನಮ್ಮದು ಸರಿಯಿದೆ ಅಂದರು. ನಾನು ಪ್ಯಾಕೆಟ್ಟು ಹಿಡಿದು ನೋಡಿದೆ. ಮಾತಾಡುತ್ತಾ ಇದ್ದದ್ದು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಯಾವ ಪ್ರೋಗ್ರಾಮಾದರೂ ಕೆಲಸ ಮುಗಿಸಿ ಹೋಗುವಾಗ ಬರ್ತೀನಿ ಅಂತ ಒಂದು ಪ್ಯಾಕೆಟ್ಟು ಕಳಿಸಿಯೇ ಹೋಗುತ್ತದೆ. ಇಲ್ಲಿ ಅದೂ ಇಲ್ಲ. ನಾನು ಫೋನು ಮಾಡಿ, "ಯಾರೋ ಪ್ಲಗ್ಗು ಕೀಳ್ತಾ ಇದಾರೆ ನೋಡ್ರಿ" ಅಂದೆ. ಹೋಗಿ ನೋಡಿದರೆ ನಿಜ. ಟ್ಯಾಂಕಿಗೆ ನೀರು ಏರಿಸುವ ಮೋಟರು ಹಾಕಲು ಅಲ್ಲಿ ಕಸ ಗುಡಿಸುವ ಆಯಮ್ಮ ದಿನಾ ನಮ್ಮ ಪೆಟ್ಟಿಗೆಯ ಪ್ಲಗ್ಗು ಕಿತ್ತು, ನೀರು ತುಂಬಿದ ಮೇಲೆ ಮತ್ತೆ ಸಿಕ್ಕಿಸುತ್ತಿದ್ದರು. ಚಳ್ಳಕೆರೆಯಲ್ಲಿ ಕೂತು ತಳಕಿನ ಪ್ಲಗ್ಗು ಕಂಡುಹಿಡಿದ ಅಂತ ಆಸ್ಪತ್ರೆ ತುಂಬ ನನ್ನ ಹೆಸರಾಯಿತು. ಡಾಕ್ಟರುಗಳು ಕ್ಯಾಂಟೀನಿನಲ್ಲಿ ಕರೆದು ಮಾತಾಡಿಸಿದರು. ಖಲೀಲ್ ಸಾಹೇಬರು ಮಾತ್ರ, "ಒಂದ್ಸಲ ಬರಾಬರ್ ಆತು. ಅದನ್ನೇ ಕಾಯಂ ಮಾಡ್ಕೋಬ್ಯಾಡ" ಅಂದರು. ಹೊಟ್ಟೆಕಿಚ್ಚು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅದಾದ ಮೇಲೆ ಮೊಳಕಾಲ್ಮೂರಿನ ನಮ್ಮ ಚಿಕ್ಕ ಆಸ್ಪತ್ರೆಗೆ ಎಕ್ಸ್‌ರೇ ಮಿಷನ್ನು ಬಂತು. ಅಲ್ಲಿ ಎಲುಬಿನ ಡಾಕ್ಟರು ಇರಲಿಲ್ಲ. ಅಲ್ಲಿ ತೆಗೆದ ಎಕ್ಸ್‌ರೇ ನೆಟ್‌ವರ್ಕಿನಲ್ಲಿ ಚಳ್ಳಕೆರೆಗೆ ಬರಬೇಕು, ಇಲ್ಲಿನ ಡಾಕ್ಟರು ನೋಡಿ ಫೋನಿನಲ್ಲಿ ಹೇಳಬೇಕು, ಅಲ್ಲೇ ಕಟ್ಟು ಹಾಕಬೇಕು. ಕೈ ಮುರಿದವರು, ಸೊಂಟ ನೋವಿನವರು ಬಸ್ಸಿನಲ್ಲಿ ಅಷ್ಟು ದೂರ ಅಲ್ಲಾಡಿಕೊಂಡು ಬರುವುದು ತಪ್ಪಿತ್ತು. ಎಕ್ಸ್‌ರೇ ತೆಗೆಯುತ್ತಿದ್ದವಳು ತಿಪ್ಪಮ್ಮ. ಕೊಂಡ್ಲಹಳ್ಳಿಯವಳು, ನನಗಿಂತ ಇಪ್ಪತ್ತು ವರ್ಷಕ್ಕಾದರೂ ಚಿಕ್ಕವಳು, ಮನೆಯಲ್ಲಿ ಅವಳು ಮತ್ತು ಅವರವ್ವ. ಕೆಲಸ ಕಾಯಂ ಅಲ್ಲ, ವರ್ಷ ವರ್ಷ ಮುಂದುವರಿಸುವ ಕೆಲಸ. ಆಂಧ್ರದ ಗಡಿಯಿಂದ ಬಂದವರ ಹತ್ತಿರ ತೆಲುಗಿನಲ್ಲಿ, ನಮ್ಮವರ ಹತ್ತಿರ ಕನ್ನಡದಲ್ಲಿ, ನೋವು ಅಂತ ಅಳುವ ಮಕ್ಕಳ ಹತ್ತಿರ ಎರಡನ್ನೂ ಬೆರೆಸಿ ಮಾತಾಡಿ ಅಲ್ಲಾಡದ ಹಾಗೆ ಮಲಗಿಸುತ್ತಿದ್ದಳು. ಅವಳು ತೆಗೆದ ಎಕ್ಸ್‌ರೇ ಎರಡನೇ ಸಲ ತೆಗೆಯಬೇಕಾದದ್ದು ಕಡಿಮೆ ಅಂತ ನಮ್ಮ ಡಾಕ್ಟರೇ ಹೇಳುತ್ತಿದ್ದರು.

ವರ್ಷಕ್ಕೂ ಹೆಚ್ಚು ಎಲ್ಲ ಸರಿಯಾಗಿತ್ತು. ಆಮೇಲೆ ಆಡಳಿತದವರು ಮೊಳಕಾಲ್ಮೂರಿನ ಲೈನು ಬದಲಾಯಿಸಿದರು, ಅದೇ ವಾರ ನಾನು ಅಲ್ಲಿಗೆ ಹೊಸ ಫೈರ್‌ವಾಲ್ ಹಾಕಿ ಬಂದೆ. ಅದರ ಮಾರನೇ ದಿನದಿಂದ ಎಕ್ಸ್‌ರೇ ಬರುವುದು ನಿಂತಿತು. ಪೂರ್ತಿ ನಿಂತಿದ್ದರೆ ಚೆನ್ನಾಗಿತ್ತು. ರೋಗಿಯ ಹೆಸರು, ವಯಸ್ಸು ಬರುತ್ತಿತ್ತು, ಚಿತ್ರದ ಜಾಗ ಮಾತ್ರ ಕಪ್ಪಗಿರುತ್ತಿತ್ತು.

ನಾನು ಫೋನು ಮಾಡಿದೆ. "ಕಳ್ಸೀನಿ ಸಾರ್. ಕಳಿಸ್ತಾ ಐತೆ, ಕಳಿಸ್ತಾ ಐತೆ ಅಂತ ತೋರಿಸ್ತದೆ, ಆಮೇಲೆ ಕೆಂಪಗೆ ಆಗ್ತದೆ" ಅಂದಳು ತಿಪ್ಪಮ್ಮ.

"ಮಧ್ಯದಾಗೆ ಏನಾರ ಆಫ್ ಮಾಡ್ತೀರಾ?"

"ಇಲ್ಲ ಸಾರ್. ಮುಟ್ಟದೇ ಇಲ್ಲ."

ಚಳ್ಳಕೆರೆಯಲ್ಲೇ ಕೂತು, ಮೊಳಕಾಲ್ಮೂರಿನ ಪೆಟ್ಟಿಗೆಯ ಒಳಗೆ ಹೋಗಿ ಹಿಡಿದೆ. ಚೀಟಿಯಲ್ಲಿ ಪ್ರಶ್ನೆ ಕೂಡ ಬರೆದಿದ್ದೆ: ಮಾತು ಎಲ್ಲಿ ನಿಲ್ಲುತ್ತದೆ? ಕಂಡದ್ದು ಹೀಗೆ. ತಿಪ್ಪಮ್ಮನ ಮಿಷನ್ನು ನಮ್ಮ ಮಿಷನ್ನನ್ನು ಮಾತಾಡಿಸುತ್ತದೆ, ನಮ್ಮದು ಹೂಂ ಅನ್ನುತ್ತದೆ, ನಾಲ್ಕಾರು ಪ್ಯಾಕೆಟ್ಟು ಹೋಗುತ್ತವೆ, ಬರುತ್ತವೆ. ಆಮೇಲೆ ಏನೂ ಇಲ್ಲ. ಬರ್ತೀನಿ ಅನ್ನುವ ಮಾತೂ ಇಲ್ಲ. ಮೂರು ಸಲ ಹಿಡಿದೆ, ಮೂರು ಸಲವೂ ಅದೇ. ನನಗೆ ತಳಕಿನ ಪ್ಲಗ್ಗು ಕಣ್ಣಿಗೆ ಕಟ್ಟಿತು. ಬಸ್ಸಿಗೆ ಹೊತ್ತಾಯಿತು ಅಂತಲೋ, ಕಾದು ಬೇಸರವಾಗಿಯೋ ಈಕೆ ಅರ್ಧಕ್ಕೇ ಸ್ವಿಚ್ಚು ಒತ್ತುತ್ತಿದ್ದಾಳೆ, ಕೇಳಿದರೆ ಇಲ್ಲ ಅನ್ನುತ್ತಾಳೆ ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ಬರೆದು ಸಹಿ ಹಾಕಿದೆ: ನೆಟ್‌ವರ್ಕಿನಲ್ಲಿ ದೋಷವಿಲ್ಲ, ಕಳಿಸುವವರೇ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದಾರೆ.

ಖಲೀಲ್ ಸಾಹೇಬರು ಆ ಹೊತ್ತಿನಲ್ಲಿ ಮಗಳ ಮದುವೆಗೆ ರಜೆ ಹಾಕಿದ್ದರು. ನನ್ನ ಕಾಗದ ನೇರ ಆಡಳಿತಾಧಿಕಾರಿಗಳಿಗೆ ಹೋಯಿತು. ಅವರು ತಿಪ್ಪಮ್ಮನನ್ನು ಕರೆಸಿ ಕೇಳಿದರು. ಅವಳು ಕಳಿಸಿದ್ದೀನಿ ಅಂದಳು, ಅವರು ನನ್ನ ಕಾಗದ ತೋರಿಸಿದರು. ಅದರ ಮುಂದೆ ಅವಳ ಮಾತು ಏನು ನಡೆದೀತು? ತಿಂಗಳ ಕೊನೆಗೆ ಅವಳ ವರ್ಷ ಮುಗಿಯುತ್ತಿತ್ತು. ಈ ಸಲ ಮುಂದುವರಿಸುವುದಿಲ್ಲ, ಬೇರೆಯವರನ್ನು ನೋಡುತ್ತೇವೆ ಅಂದರಂತೆ. ನನಗೆ ಇದು ಗೊತ್ತಾದಾಗ ಪಾಪ ಅನ್ನಿಸಿತು, ಆದರೆ ನಾನು ಕಂಡದ್ದನ್ನು ಬರೆದೆ ಅಂತ ಸಮಾಧಾನ ಮಾಡಿಕೊಂಡೆ. ನಾನು ಕಂಡದ್ದನ್ನು ಬರೆದಿರಲಿಲ್ಲ. ಕಾಣದೆ ಇದ್ದದ್ದನ್ನು ಬರೆದಿದ್ದೆ. ಆ ವ್ಯತ್ಯಾಸ ಗೊತ್ತಾಗಲು ಇನ್ನೂ ಒಂದು ವಾರ ಬೇಕಾಯಿತು.

ಒಂದು ಸಾಯಂಕಾಲ ಚಳ್ಳಕೆರೆಯ ಬಸ್‌ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತೆಗೆದುಕೊಳ್ಳುತ್ತಾ ನಿಂತಿದ್ದೆ. ಮೊಳಕಾಲ್ಮೂರು ಕಡೆಯ ಬಸ್ಸಿನಿಂದ ತಿಪ್ಪಮ್ಮ ಇಳಿದಳು, ಎದೆಗೆ ಒಂದು ಚೀಲ ಒತ್ತಿಕೊಂಡು. ನನ್ನನ್ನು ಕಂಡು ನಿಂತಳು. ಬಯ್ಯುತ್ತಾಳೆ ಅಂತ ನಾನು ಮೈ ಬಿಗಿ ಮಾಡಿಕೊಂಡರೆ, "ಆರಾಮಿದೀರಾ ಸಾರ್?" ಅಂದಳು.

"ಇದೇನು ಈ ಹೊತ್ನಾಗೆ ಇಲ್ಲಿ?"

"ಸೀಡಿ ಸಾರ್. ಇವತ್ತಿನ ಎಕ್ಸ್‌ರೇ ಎಲ್ಲಾ ಹಾಕ್ಕಂಬಂದೀನಿ. ಡಾಕ್ಟ್ರಿಗೆ ಕೊಟ್ಟು ಹೋಗ್ತೀನಿ. ಒಂದು ಮಗೀಂದು ಮೊಣಕೈ ಐತೆ, ನಾಳೆ ತನ್ಕ ಬಿಟ್ರೆ ಊದ್ಕಂಬಿಡ್ತದೆ."

"ದಿನಾ ಬರ್ತೀರಾ?"

"ಕೆಲಸ ಇರಾ ತನಕ ಬರಾದು ಸಾರ್. ನಾನು ಕಳಿಸಿದ್ದು ಬರ್ತಾ ಇಲ್ಲ ಅಂದ್ಮೇಲೆ ನಾನೇ ಬರ್ಬೇಕಲ್ಲ" ಅಂದು ಆಟೋ ಹತ್ತಿ ಹೋದಳು.

ನಾನು ಅಲ್ಲೇ ನಿಂತೆ. ಬಸ್ಸಿಗೆ ಹೊತ್ತಾಯಿತು ಅಂತ ಸ್ವಿಚ್ಚು ಒತ್ತುವವಳು ಬಸ್ಸು ಹತ್ತಿ ಇಲ್ಲಿಯ ತನಕ ಯಾಕೆ ಬರುತ್ತಾಳೆ? ಬಾಳೆಹಣ್ಣಿನವನು ಕರೆದದ್ದೂ ಕೇಳಿಸದೆ ಮನೆಗೆ ಹೋದೆ.

ಮದುವೆ ಮುಗಿಸಿ ಖಲೀಲ್ ಸಾಹೇಬರು ಕೆಲಸಕ್ಕೆ ಬಂದ ದಿನವೇ ಹೋಗಿ ಎಲ್ಲ ಹೇಳಿದೆ. ತೊಂದರೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅಳಿಸದೆ ಹಿಡಿದಿಟ್ಟದ್ದನ್ನು ತೋರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ ಒಂದೇ ಪ್ರಶ್ನೆ ಕೇಳಿದರು. "ಹಿಡಿಯಾಕೆ ಮುಂಚೆ ಆಫ್‌ಲೋಡ್ ಬಂದ್ ಮಾಡಿದ್ದೆಯಾ?"

ಮಾಡಿರಲಿಲ್ಲ.

ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ಹೊಸ ಫೈರ್‌ವಾಲುಗಳು ಪ್ರತಿ ಪ್ಯಾಕೆಟ್ಟನ್ನೂ ತಾವೇ ನೋಡುತ್ತಾ ಕೂರುವುದಿಲ್ಲ. ಒಂದು ಮಾತುಕತೆಯ ಮೊದಲ ಕೆಲವು ಪ್ಯಾಕೆಟ್ಟು ನೋಡಿ, ಇದು ನಂಬಿಕಸ್ಥರದು ಅನ್ನಿಸಿದರೆ ಉಳಿದದ್ದನ್ನು ತಮ್ಮೊಳಗಿನ ಒಂದು ಬೇರೆ ಚಿಪ್‌ಗೆ ವಹಿಸಿಬಿಡುತ್ತವೆ, ಅದಕ್ಕೇ ಆಫ್‌ಲೋಡ್ ಅನ್ನುವುದು. ಅಲ್ಲಿಂದ ಮುಂದೆ ಪ್ಯಾಕೆಟ್ಟುಗಳು ಆ ವೇಗದ ದಾರಿಯಲ್ಲಿ ಹೋಗುತ್ತವೆ. ನಕಲು ತೆಗೆಯುವುದು ಮಾತ್ರ ಹಳೆಯ ದಾರಿಯಲ್ಲೇ ಕೂತಿರುತ್ತದೆ. ಅದಕ್ಕೆ ಇವು ಕಾಣುವುದೇ ಇಲ್ಲ. ಪಾಸಿನವರನ್ನು ಕಂಡಕ್ಟರು ಮುಖ ನೋಡಿ ಬಿಟ್ಟುಬಿಡುತ್ತಾನಲ್ಲ, ಅವನ ಕೈಯ ಟಿಕೆಟ್ಟು ಎಣಿಸಿ ಬಸ್ಸಿನಲ್ಲಿ ಅವರಿರಲೇ ಇಲ್ಲ ಅಂದ ಹಾಗಾಯಿತು ನಾನು ಮಾಡಿದ್ದು. ಆಫ್‌ಲೋಡ್ ನಿಲ್ಲಿಸಿದರೆ ಎಲ್ಲವೂ ಹಳೆಯ ದಾರಿಗೇ ಬರುತ್ತವೆ, ಆಗ ಎಲ್ಲವೂ ಕಾಣುತ್ತವೆ. ಹಳೆಯ ಪೆಟ್ಟಿಗೆಯಲ್ಲಿ ಈ ರಗಳೆ ಇರಲಿಲ್ಲ. ಹೊಸದರ ಪುಸ್ತಕದಲ್ಲಿ ಬರೆದಿತ್ತು, ನಾನು ಓದಿದ್ದೆ, ಮರೆತಿದ್ದೆ.

ಖಲೀಲ್ ಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. "ಇಲ್ಲಿ ಕೂತು ನೋಡ್ಬ್ಯಾಡ ಓಬಳೇಶಿ. ಅಲ್ಲಿಗೆ ಹೋಗು. ಆ ಹೆಣ್ಮಗಳ ಪಕ್ಕ ಕೂತು ನೋಡು" ಅಂದರು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ತಿಪ್ಪಮ್ಮ ಎಕ್ಸ್‌ರೇ ಕೋಣೆಯಲ್ಲಿ ಒಬ್ಬ ಅಜ್ಜನ ಮೊಣಕಾಲನ್ನು ಮೆಲ್ಲಗೆ ತಿರುಗಿಸುತ್ತಾ, "ಇಂಗೇ ಇರ್ಲಿ ತಾತ, ಕದಲಬ್ಯಾಡ, ಉಸಿರು ಬಿಡು" ಅನ್ನುತ್ತಿದ್ದಳು. ನಾನು ಯಾಕೆ ಬಂದೆ ಅಂತ ಕೇಳಲಿಲ್ಲ, ಒಂದು ಸ್ಟೂಲು ತಂದು ಹಾಕಿದಳು.

ಆಫ್‌ಲೋಡ್ ನಿಲ್ಲಿಸಿದೆ. ನಾಲ್ಕು ಕಡೆ ಹಿಡಿಯಲು ಹೇಳಿದೆ: ಪೆಟ್ಟಿಗೆಗೆ ಬಂದದ್ದು, ಪೆಟ್ಟಿಗೆ ಪರೀಕ್ಷೆ ಮಾಡಿದ್ದು, ಹೊರಗೆ ಬಿಟ್ಟದ್ದು, ತಡೆದು ಬೀಳಿಸಿದ್ದು. ನಾನು ಮೊದಲು ನೋಡಿದಾಗ ಕೊನೆಯದನ್ನು ತೆರೆದೂ ಇರಲಿಲ್ಲ. "ಕಳಿಸ್ರಿ ತಿಪ್ಪಮ್ಮ" ಅಂದೆ. ಅವಳು ಗುಂಡಿ ಒತ್ತಿ ಕೈಯೆರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು. ಮುಟ್ಟಲಿಲ್ಲ ಅಂತ ನನಗೆ ಕಾಣಲಿ ಅಂತ ಹಾಗೆ ಇಟ್ಟುಕೊಂಡಳು ಅಂತ ಹೊಳೆದಾಗ ನನಗೆ ತಲೆ ಎತ್ತಲಾಗಲಿಲ್ಲ.

ಬಂತು. ಎಕ್ಸ್‌ರೇಯ ಮೊದಲ ದೊಡ್ಡ ಪ್ಯಾಕೆಟ್ಟು ಅವಳ ಮಿಷನ್ನಿನಿಂದ ಬಂತು, ಹೊರಗೆ ಹೋಯಿತು. ಉತ್ತರ ಇಲ್ಲ. ಅದೇ ಪ್ಯಾಕೆಟ್ಟನ್ನು ಅವಳ ಮಿಷನ್ನು ಮತ್ತೆ ಕಳಿಸಿತು. ಸ್ವಲ್ಪ ತಡೆದು ಮತ್ತೆ. ಇನ್ನೂ ಸ್ವಲ್ಪ ತಡೆದು ಮತ್ತೆ. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಕಾದು, ಬೇಸರಿಸದೆ, ಅದೇ ಪ್ಯಾಕೆಟ್ಟು. ಬೀಳಿಸಿದ್ದರ ಕಡತ ತೆರೆದೆ. ಅಲ್ಲಿ ಉತ್ತರ ಬಿದ್ದಿತ್ತು. ಹೊಸ ಲೈನಿಗೆ ಅಷ್ಟು ದೊಡ್ಡ ಪ್ಯಾಕೆಟ್ಟು ಹಿಡಿಸುತ್ತಿರಲಿಲ್ಲ. ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು ಅಂತ ದಾರಿಯಲ್ಲಿನ ಯಂತ್ರ ಪ್ರತಿ ಸಲವೂ ತಿರುಗಿ ಹೇಳಿ ಕಳಿಸಿತ್ತು. ಆ ಮಾತು ಬಾಗಿಲ ತನಕ ಬಂದು ಅಲ್ಲೇ ಬೀಳುತ್ತಿತ್ತು. ಹೊರಗಿನ ಇಂಥ ಚಿಲ್ಲರೆ ಸಂದೇಶ ಯಾವುದನ್ನೂ ಒಳಗೆ ಬಿಡಬೇಡ, ಭದ್ರವಾಗಿರಲಿ ಅಂತ ನಿಯಮ ಹಾಕಿದವನು ನಾನು. ಪೆಟ್ಟಿಗೆ ಕೂರಿಸಿದ ದಿನ ಇದೇ ಆಸ್ಪತ್ರೆಯಲ್ಲಿ ನಿಂತು, ಇನ್ನು ಒಂದು ನೊಣ ಕೂಡ ನುಗ್ಗಲ್ಲ ಅಂತ ಜಂಬ ಕೊಚ್ಚಿದ್ದೂ ನಾನೇ. ಹೆಸರು, ವಯಸ್ಸು ಚಿಕ್ಕ ಪ್ಯಾಕೆಟ್ಟು, ದಾಟುತ್ತಿದ್ದವು. ಎಲುಬಿನ ಚಿತ್ರ ದೊಡ್ಡದು, ಸಿಕ್ಕಿಕೊಳ್ಳುತ್ತಿತ್ತು.

ಆ ನಿಯಮದಲ್ಲಿ ಒಂದು ಸಾಲು ತಿದ್ದಿದೆ. ಅಜ್ಜನ ಮೊಣಕಾಲು ಚಳ್ಳಕೆರೆಗೆ ಹೋಯಿತು. ಡಾಕ್ಟರು ಫೋನು ಮಾಡಿ, "ಬಂತಲ್ಲಮ್ಮ!" ಅಂದದ್ದು ನನಗೂ ಕೇಳಿಸಿತು. ತಿಪ್ಪಮ್ಮ ಹೂಂ ಸಾರ್ ಅಂತ ಫೋನು ಇಟ್ಟು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಂತೋಷ ಹುಡುಕಿದೆ, ಇರಲಿಲ್ಲ.

"ಮೊದ್ಲು ಕಳಿಸಿದ್ದೂ ಇದ್ರಾಗೆ ಕಾಣ್ತೈತಾ ಸಾರ್?" ಅಂದಳು.

ನಾನು ಲ್ಯಾಪ್‌ಟಾಪು ಅವಳ ಕಡೆ ತಿರುಗಿಸಿದೆ. ಬರೀ ಸಾಲುಗಳು, ಸಂಖ್ಯೆಗಳು. ಇದು ನಿಮ್ಮ ಮಿಷನ್ನಿನ ವಿಳಾಸ ಅಂತ ತೋರಿಸಿದೆ. ಅವಳು ತೆರೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಕೆಳಗೆ ಬಂದಳು.

"ಇದು ನಾನು ಕಳಿಸಿದ್ದು."

"ಹೌದು."

"ಇದೂ?"

"ಅದೂ. ಇವೆಲ್ಲಾ ನೀವು ಕಳಿಸಿದ್ದು. ಇವತ್ತಿಂದು ಇಷ್ಟು. ಇಷ್ಟು ದಿನವೂ ಇಂಗೇ ಹೋಗಿರ್ತವೆ, ನನ್ನ ಕಣ್ಣಿಗೆ ಬೀಳಲಿಲ್ಲ ಅಷ್ಟೆ. ಉತ್ತರವೂ ಬಂದಿತ್ತು. ಒಳಗೆ ಬಿಡದಂಗೆ ಮಾಡಿದ್ದು ನಾನು. ತಪ್ಪು ನಂದು ತಿಪ್ಪಮ್ಮ."

ನಾನು ಅಲ್ಲಿಂದಲೇ ಆಡಳಿತಾಧಿಕಾರಿಗಳಿಗೆ ಫೋನು ಮಾಡಿದೆ. ಅವರು ಒಳ್ಳೆಯವರೇ. ಎಲ್ಲ ಕೇಳಿಸಿಕೊಂಡು, ಆಯಿತು, ಆಕೆಯನ್ನು ಮುಂದುವರಿಸೋಣ, ನೀವು ತಾಂತ್ರಿಕ ದೋಷ ಸರಿಪಡಿಸಲಾಗಿದೆ ಅಂತ ಒಂದು ಸಾಲು ಬರೆದು ಕಳಿಸಿ, ಸಾಕು ಅಂದರು. ನನಗೆ ಆಸೆಯಾಯಿತು, ಸುಳ್ಳು ಹೇಳಲಾರೆ. ತಾಂತ್ರಿಕ ದೋಷ ಅಂದರೆ ಯಾರ ಮೇಲೂ ಬರುವುದಿಲ್ಲ. ನನ್ನ ಹೆಸರು ಉಳಿಯುತ್ತಿತ್ತು. ಆದರೆ ಅವಳ ಮೇಲೆ ಬರೆದಾಗ ನಾನು ದೋಷ ಯಾರದು ಅಂತ ಬರೆದಿದ್ದೆನಲ್ಲ? ಒಂದು ಬಿಳಿ ಹಾಳೆ ಇಸಿದುಕೊಂಡು ಕೈಯಲ್ಲೇ ಬರೆದೆ: ತಿಪ್ಪಮ್ಮನವರು ಪ್ರತಿದಿನವೂ ಎಕ್ಸ್‌ರೇಗಳನ್ನು ಸರಿಯಾಗಿ ಕಳಿಸಿದ್ದಾರೆ. ನಾನು ಹಾಕಿದ ನಿಯಮದಿಂದ ಅವು ನಿಂತಿದ್ದವು. ನಾನು ಸರಿಯಾಗಿ ನೋಡದೆ ಅವರ ಮೇಲೆ ಬರೆದೆ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿ, ಎರಡು ನಕಲು ಮಾಡಿಸಿ ಒಂದನ್ನು ಅವಳಿಗೆ ಕೊಟ್ಟೆ.

ಅವಳು ಎರಡು ಸಲ ಓದಿದಳು. ಮಡಚಿ, ಮತ್ತೆ ಬಿಚ್ಚಿ ನೋಡಿದಳು.

"ನಮ್ಮವ್ವಂಗೆ ಓದಾಕೆ ಬರಲ್ಲ ಸಾರ್" ಅಂದಳು. ಕಾಗದವನ್ನು ಚೀಲಕ್ಕೆ ಹಾಕಿಕೊಂಡು, "ನೀವೇ ಬಂದು ಒಂದು ಮಾತು ಹೇಳ್ತೀರಾ?" ಅಂದಳು.

ಇಷ್ಟು ವರ್ಷದಲ್ಲಿ ಎಷ್ಟೋ ಸಭೆಗಳಲ್ಲಿ ದೊಡ್ಡ ದೊಡ್ಡವರ ಮುಂದೆ ನಿಂತು ಏನಾಯಿತು ಅಂತ ವಿವರಿಸಿದ್ದೇನೆ. ಅವತ್ತು ಕೊಂಡ್ಲಹಳ್ಳಿಯಲ್ಲಿ ಬಸ್ಸಿಳಿದು ಅವಳ ಹಿಂದೆ ನಡೆಯುವಾಗ ಆದಷ್ಟು ಹೆದರಿಕೆ ಎಲ್ಲೂ ಆಗಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಅವರವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ಬಿಡಿಸುತ್ತಿದ್ದರು. ತಿಪ್ಪಮ್ಮ, "ಅವ್ವ, ದೊಡ್ಡಾಸ್ಪತ್ರೆ ಸಾರ್ ಬಂದವ್ರೆ" ಅಂದಾಗ ಆ ತಾಯಿ ಗಾಬರಿಯಿಂದ ಎದ್ದರು. ಇನ್ನೇನು ಬಂತೋ ಅಂದುಕೊಂಡಿರಬೇಕು. ಚಾಪೆ ಹಾಸಿ ನೀರು ಕೊಟ್ಟರು.

ಪ್ಯಾಕೆಟ್ಟು, ಫೈರ್‌ವಾಲ್ ಯಾವುದನ್ನೂ ಹೇಳಲಿಲ್ಲ. "ಅವ್ವ, ನಿಮ್ಮ ಮಗಳು ದಿನಾ ಕಳಿಸವ್ರೆ. ಒಂದೂ ತಪ್ಪಿಸಿಲ್ಲ. ದಾರಿಯಾಗೆ ಅಡ್ಡ ಹಾಕಿದ್ದು ನಾನು. ನಂಗೆ ಗೊತ್ತಾಗ್ದೆ ಇವರ ಮ್ಯಾಲೆ ಬರ್ದುಬಿಟ್ಟೆ. ಕೆಲಸ ಎಲ್ಲೂ ಹೋಗಲ್ಲ. ಅದನ್ನ ಹೇಳಾಕೇ ಬಂದೀನಿ" ಅಂದೆ.

ಆ ತಾಯಿ ನನ್ನನ್ನೇ ನೋಡಿದರು. ಬೈಯಲಿ ಅಂತ ಕಾದೆ. ಅವರು ಬೈಯಲಿಲ್ಲ, ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು.

"ನಾನೂ ಕೇಳ್ಬಿಟ್ಟೆ ಕಣಪ್ಪ ಇವಳನ್ನ" ಅಂದರು, ಮಾತು ನನಗೆ, ಕಣ್ಣು ಮಗಳ ಮೇಲೆ. "ಓದಿದೋರು ಸುಮ್‌ಸುಮ್ನೆ ಬರೀತಾರೇನೇ, ನಿಜ ಹೇಳು, ಕಳಿಸಿದ್ಯೋ ಇಲ್ವೋ ಅಂದೆ. ಹೆತ್ತೋಳು ಕೇಳಾ ಮಾತಾ ಅದು? ಅವತ್ತು ಇವಳು ಉಣ್ಲಿಲ್ಲ. ತಿರುಗಿ ಒಂದು ಮಾತೂ ಆಡ್ಲಿಲ್ಲ."

ತಿಪ್ಪಮ್ಮ ಬಾಗಿಲ ಹತ್ತಿರ ನ್ಯಾಯಾಧೀಶರ ಮುಂದೆ ನಿಂತವಳ ಹಾಗೆ ನಿಂತೇ ಇದ್ದಳು. ಆಡಳಿತಾಧಿಕಾರಿಗಳ ಮುಂದೆ ಅಳಲಿಲ್ಲವಂತೆ, ಬಸ್‌ ಸ್ಟ್ಯಾಂಡಿನಲ್ಲಿ ನನ್ನ ಮುಂದೆ ಅಳಲಿಲ್ಲ, ಬೆಳಿಗ್ಗೆ ಆ ಸಾಲುಗಳ ಮೇಲೆ ಬೆರಳಿಟ್ಟಾಗಲೂ ಅಳಲಿಲ್ಲ. ಅವ್ವ ಕೈ ಚಾಚಿದ ಕೂಡಲೇ ಶೇಂಗಾದ ರಾಶಿಯ ಪಕ್ಕ ಕುಸಿದು ಕೂತು, ಅವರ ಮಡಿಲಲ್ಲಿ ಮುಖ ಇಟ್ಟಳು.

ನಾನು ಮೆಲ್ಲಗೆ ಎದ್ದು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಬಸ್ಸಿಗೆ ಹೊತ್ತಾಗುತ್ತಿತ್ತು, ಏಳಲು ಆಗಲಿಲ್ಲ. ಒಳಗಿನಿಂದ ಆ ತಾಯಿಯ ದನಿ ಕೇಳುತ್ತಲೇ ಇತ್ತು, ಮಗುವನ್ನು ಮಲಗಿಸುವಾಗ ಹೇಳಿದ್ದನ್ನೇ ಹೇಳುತ್ತಾರಲ್ಲ, ಹಾಗೆ.

"ಕಳ್ಸಿದ್ದೆ ಕಣವ್ವ, ನೀನು ಕಳ್ಸಿದ್ದೆ. ಎಲ್ಲಾ ಕಳ್ಸಿದ್ದೆ."